ಟೇಲರ್ ಸಾಹೇಬ ಮತ್ತು ಫೋಟೊ ಅಂಟಿಸಿದ ಪುಸ್ತಕಗಳು

ಸುರಪುರಕ್ಕೆ ಹೋದವರು ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡದೆ ವಾಪಸ್ ಬರುವುದು ಕಡಿಮೆ. ಮುಂದೆ ನಿಂತು ಒಂದು ಸೆಲ್ಫಿ ತೆಗೆದುಕೊಳ್ಳುತ್ತೇವೆ, ಯಾರೋ ಬ್ರಿಟಿಷ್ ಅಧಿಕಾರಿ ಕಟ್ಟಿಸಿದ ಬಂಗಲೆಯಂತೆ ಎಂದು ಮಾತಾಡಿಕೊಂಡು ಇಳಿದು ಬರುತ್ತೇವೆ. ಆ ಅಧಿಕಾರಿ ಕಾದಂಬರಿ ಬರೆದವನು ಎಂಬುದು ಕೆಲವರಿಗೆ ಗೊತ್ತು. ಆದರೆ ಕರ್ನಾಟಕದ ಗುಡಿ, ಗುಮ್ಮಟಗಳ ಮೊಟ್ಟಮೊದಲ ದೊಡ್ಡ ಫೋಟೊ ಪುಸ್ತಕಗಳಿಗೆ ಚರಿತ್ರೆ ಬರೆದುಕೊಟ್ಟವನೂ ಅವನೇ ಎಂಬುದು ನಮ್ಮ ಜಿಲ್ಲೆಯವರಿಗೇ ಅಷ್ಟಾಗಿ ಗೊತ್ತಿಲ್ಲ.

ನಾನು ಬಿಇ ಓದುತ್ತಿರುವ ಹುಡುಗ. ಫೋಟೊ ಪುಸ್ತಕಗಳನ್ನು ಹುಡುಕುವುದು, ಕೂಡಿಡುವುದು ನನ್ನ ಹುಚ್ಚು. ಈ ಹುಚ್ಚಿನ ಜಾಡು ಹಿಡಿದು ಹೊರಟರೆ ದಾರಿ ತಿರುಗಿ ತಿರುಗಿ ನಮ್ಮ ಸುರಪುರಕ್ಕೇ ಬರುತ್ತದೆ. ಹಾಗೆ ಸಿಕ್ಕಿದ ಮನುಷ್ಯ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್.

ಕೆಲಸ ಕೈಕೊಟ್ಟ ಹುಡುಗ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಅಪ್ಪ ವ್ಯಾಪಾರಿ. ಹದಿನೈದನೇ ವಯಸ್ಸಿಗೇ ಹುಡುಗನನ್ನು ಮುಂಬೈಗೆ ಹಡಗು ಹತ್ತಿಸಿದರು. ಅಲ್ಲಿನ ವ್ಯಾಪಾರಿಯೊಬ್ಬನ ಹತ್ತಿರ ಗುಮಾಸ್ತನಾಗಿ ಸೇರಿ ಮುಂದೆ ಬರಬೇಕು ಎಂಬ ಲೆಕ್ಕಾಚಾರ. ತಿಂಗಳುಗಟ್ಟಲೆ ಸಮುದ್ರದಲ್ಲಿ ಬಂದು ಇಳಿದರೆ ಆ ವ್ಯಾಪಾರಿಯೇ ಸಾಲದಲ್ಲಿ ಮುಳುಗಿದ್ದ. ಹೇಳಿಕೊಂಡಿದ್ದ ಭವಿಷ್ಯ ಅಲ್ಲಿರಲಿಲ್ಲ.

ಊರು ಬಿಟ್ಟು ಬಂದ ಮೇಲೆ ಆಫರ್ ಲೆಟರ್ ಸುಳ್ಳಾಗುವುದು ಏನೆಂದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಟೇಲರ್‌ಗೆ ಆಗ ಕೈ ಹಿಡಿದದ್ದು ತಾಯಿಯ ಕಡೆಯ ನೆಂಟರೊಬ್ಬರ ಶಿಫಾರಸು. ಮುಂಬೈ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅವರ ಮೂಲಕ 1824ರಲ್ಲಿ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಪ್ರಭಾವ ಇದ್ದವರಿಗೆ ಬಾಗಿಲು ತೆರೆಯುವುದು ಇಂದಿನ ಮಾತಷ್ಟೇ ಅಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಕೆಲಸವೇನೋ ಸಿಕ್ಕಿತು, ಆದರೆ ಅದರಲ್ಲಿ ಒಂದು ಕೊರತೆ ಇತ್ತು. ನಿಜಾಮನ ಸೇವೆಯಲ್ಲಿದ್ದವರಿಗೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗಿದ್ದ ಮರ್ಯಾದೆ, ಬಡ್ತಿಯ ದಾರಿ ಎರಡೂ ಇರಲಿಲ್ಲ. ಹುಡುಗ ಓದಿನ ದಾರಿ ಹಿಡಿದ. ಹಿಂದೂಸ್ತಾನಿ, ಮರಾಠಿ, ಪರ್ಶಿಯನ್ ಕಲಿತ. ಕಾನೂನು, ಭೂವಿಜ್ಞಾನ, ಸರ್ವೆ, ಚಿತ್ರಕಲೆ ಎಲ್ಲವನ್ನೂ ಕೆಲಸದ ಜೊತೆಜೊತೆಗೇ ಕಲಿತ. ಯಾವ ಕಾಲೇಜಿನ ಪದವಿಯೂ ಅವನಿಗೆ ಇರಲಿಲ್ಲ.

ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು ಮದುವೆಯಾದ. ಈ ಪಾಮರ್‌ನ ತಾಯಿ ಫೈಜ್ ಬಕ್ಷ್ ಬೇಗಂ ಭಾರತೀಯ ಮನೆತನದವರು. ಹೀಗಾಗಿ ಟೇಲರ್‌ನ ಸಂಸಾರಕ್ಕೇ ಈ ನೆಲದ ನಂಟು ಇತ್ತು. ಆದರೆ ಮೇರಿ 1844ರಲ್ಲಿ ತೀರಿಕೊಂಡರು.

ಅದಕ್ಕೂ ಮುಂಚೆ, ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ ಟೇಲರ್‌ನ ಮೊದಲ ಕಾದಂಬರಿ ಪ್ರಕಟವಾಯಿತು. ಥಗ್ಗರ ಕುರಿತ ಆ ಪುಸ್ತಕ ದೊಡ್ಡ ಹೆಸರು ತಂದಿತು. ರಾಣಿ ವಿಕ್ಟೋರಿಯಾ ಪುಸ್ತಕ ಹೊರಬರುವ ತನಕ ಕಾಯದೆ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದರು ಎಂಬುದು ಪ್ರಸಿದ್ಧ ಸಂಗತಿ. ಅದಕ್ಕೂ ಎರಡು ವರ್ಷ ಮುಂಚೆ, 1837ರಲ್ಲಿ, ದಖ್ಖನ್ನಿನ ಊರು, ಕಟ್ಟಡಗಳನ್ನು ಕುರಿತ ಅವನ ರೇಖಾಚಿತ್ರಗಳ ಪುಸ್ತಕ ಲಂಡನ್‌ನಲ್ಲಿ ಬಂದಿತ್ತು. ಫೋಟೊಗ್ರಫಿ ಜಗತ್ತಿಗೆ ಪರಿಚಯವಾದ ವರ್ಷ 1839. ಅಂದರೆ ಕ್ಯಾಮೆರಾ ಬರುವ ಮುಂಚೆಯೇ ಟೇಲರ್ ಚಿತ್ರಪುಸ್ತಕದ ಮನುಷ್ಯನಾಗಿದ್ದ.

ಸುರಪುರದ ಹನ್ನೆರಡು ವರ್ಷ

1841ರಲ್ಲಿ ಟೇಲರ್‌ನನ್ನು ಸುರಪುರಕ್ಕೆ ಕಳಿಸಿದರು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಮಗ ವೆಂಕಟಪ್ಪ ನಾಯಕರಿಗೆ ಇನ್ನೂ ಏಳರ ವಯಸ್ಸು. ರಾಣಿ ಈಶ್ವರಮ್ಮ ಒಂದು ಕಡೆ, ಸಂಸ್ಥಾನದ ಇತರ ಹಿರಿಯರು ಇನ್ನೊಂದು ಕಡೆ. ಖಜಾನೆ ಬರಿದು, ಮೇಲೆ ಸಾಲ. ರಾಜಕುಮಾರ ದೊಡ್ಡವನಾಗುವವರೆಗೆ ಆಡಳಿತ ನಡೆಸುವ ಜವಾಬ್ದಾರಿ ಟೇಲರ್ ಹೆಗಲಿಗೆ ಬಿತ್ತು.

ಮುಂದಿನ ಹನ್ನೆರಡು ವರ್ಷ ಅವನು ಇಲ್ಲೇ ಇದ್ದ. ಕಂದಾಯದ ಲೆಕ್ಕ ಸರಿಪಡಿಸಿದ, ರಸ್ತೆ ಮಾಡಿಸಿದ, ಕೆರೆಗಳತ್ತ ಗಮನ ಕೊಟ್ಟ. ಇಂದು ಪಕ್ಷಿಧಾಮ ಎಂದು ಹೆಸರಾದ ಬೋನಾಳ ಕೆರೆಗೆ ಕಾಯಕಲ್ಪ ಕೊಟ್ಟವರ ಸಾಲಿನಲ್ಲಿ ಅವನ ಹೆಸರಿದೆ. ಸಿವಿಲ್ ಓದುವ ನನ್ನ ಗೆಳೆಯರು ಒಮ್ಮೆ ಬೋನಾಳಕ್ಕೆ ಹೋಗಿ ಏರಿಯ ಮೇಲೆ ನಡೆದಾಡಬೇಕು. 1844ರಲ್ಲಿ ಕಟ್ಟಿಸಿದ ಗುಡ್ಡದ ಮೇಲಿನ ಮನೆಯೇ ಇಂದಿನ ಟೇಲರ್ ಮಂಜಿಲ್.

ಇದೇ ಅವಧಿಯಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಭಾರತದಿಂದ ವರದಿಗಳನ್ನೂ ಬರೆಯುತ್ತಿದ್ದ. ಹಗಲು ಕಚೇರಿ, ಬಿಡುವು ಸಿಕ್ಕಾಗ ಬರವಣಿಗೆ, ಊರೂರು ತಿರುಗುವಾಗ ಚಿತ್ರ ಬರೆಯುವುದು ಎಂಬ ಬದುಕು. ಸುರಪುರವೂ ಚಿತ್ರಕ್ಕೆ ಹೊಸ ಊರೇನಲ್ಲ. ಗರುಡಾದ್ರಿ ಮನೆತನದ ಕಲಾವಿದರು ಬೆಳೆಸಿದ ಸುರಪುರ ಶೈಲಿಯ ಕಿರುಚಿತ್ರಗಳು ಇಂದಿಗೂ ಹೆಸರುವಾಸಿ.

ಟೇಲರ್‌ನ ಇನ್ನೊಂದು ಕೆಲಸ ಜಗತ್ತಿನ ಪುರಾತತ್ವ ತಜ್ಞರ ಗಮನ ಸೆಳೆಯಿತು. ರಾಜನಕೋಳೂರು, ಹಗರಟಗಿ, ಶಹಾಪುರ ಹತ್ತಿರದ ವಿಭೂತಿಹಳ್ಳಿ, ಅತ್ತ ಜೇವರ್ಗಿ ಕಡೆ ಬಯಲಿನಲ್ಲಿ ದೊಡ್ಡ ದೊಡ್ಡ ಕಲ್ಲುಗಳ ರಚನೆಗಳು ಅವನ ಕಣ್ಣಿಗೆ ಬಿದ್ದವು. ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಯಂಥವು ಕೆಲವು. ಸಾಲಾಗಿ ಜೋಡಿಸಿದ ಗುಂಡುಗಳು ಕೆಲವು. ಕಲ್ಲಿನ ವೃತ್ತಗಳು ಇನ್ನು ಕೆಲವು. ದನ ಕಾಯುವವರು ನೆರಳಿಗೆ ಕೂರುತ್ತಿದ್ದ ಈ ಕಲ್ಲುಗಳು ಸಾವಿರಾರು ವರ್ಷ ಹಿಂದಿನ ಜನರ ಸಮಾಧಿ, ಸ್ಮಾರಕಗಳಾಗಿದ್ದವು. ಟೇಲರ್ ಅವುಗಳನ್ನು ಎಣಿಸಿದ, ಅಳತೆ ತೆಗೆದ, ನಕ್ಷೆ ಬರೆದ. ಕೆಲವನ್ನು ಅಗೆಸಿ ಒಳಗಿನ ಮಣ್ಣಿನ ಪದರ, ಮಡಕೆ, ಮೂಳೆ ಎಲ್ಲಿ ಹೇಗಿದ್ದವು ಎಂಬುದನ್ನು ಚಿತ್ರದಲ್ಲಿ ದಾಖಲಿಸಿದ. ಮುಂಬೈನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಮುಂದೆ ಐರ್ಲೆಂಡಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ಈ ಬರಹಗಳು ಬಂದವು. ಸುಮಾರು ನೂರು ವರ್ಷದ ನಂತರ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ ಮಾರ್ಟಿಮರ್ ವ್ಹೀಲರ್ ಕೂಡ ಈ ದಾಖಲಾತಿಯ ಅಚ್ಚುಕಟ್ಟುತನವನ್ನು ಮೆಚ್ಚಿಕೊಂಡರು.

ಸಾಕಿದ ಕೈ, ಎದ್ದ ಸಂಸ್ಥಾನ

1853ರಲ್ಲಿ ವೆಂಕಟಪ್ಪ ನಾಯಕರು ವಯಸ್ಸಿಗೆ ಬಂದು ಅಧಿಕಾರ ವಹಿಸಿಕೊಂಡರು. ಟೇಲರ್ ನಳದುರ್ಗಕ್ಕೆ ವರ್ಗವಾದ. 1857ರ ಹೋರಾಟ ಶುರುವಾದಾಗ ಅವನನ್ನು ಬೀರಾರಿಗೆ ಕಳಿಸಿದರು. ಅತ್ತ ಸುರಪುರದಲ್ಲಿ ಯುವರಾಜರು ಬ್ರಿಟಿಷರ ವಿರುದ್ಧ ಎದ್ದರು. 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಕಾಳಗ ನಡೆಯಿತು. ಬ್ರಿಟಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜರು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಯಾದರು.

ಟೇಲರ್ ಅವರನ್ನು ಜೈಲಿನಲ್ಲಿ ಹೋಗಿ ಕಂಡ. ಚಿಕ್ಕಂದಿನಿಂದ ಅಪ್ಪಾ ಎಂದು ಕರೆಯುತ್ತಿದ್ದ ಹುಡುಗ ಈಗ ಕೈದಿ. ಮರಣದಂಡನೆಯ ತೀರ್ಪು ಮೊದಲು ಗಡೀಪಾರಿಗೆ, ಆಮೇಲೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದ್ರಾಸ್ ಕಡೆಯ ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜಾ ವೆಂಕಟಪ್ಪ ನಾಯಕರ ಪ್ರಾಣ ಹೋಯಿತು. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು. ಈ ಲೇಖನ ಓದುತ್ತಿರುವ ಬಹಳಷ್ಟು ಜನರ ವಯಸ್ಸು.

ನಮ್ಮ ಭಾಗದಲ್ಲಿ ವೆಂಕಟಪ್ಪ ನಾಯಕರು ಸ್ವಾತಂತ್ರ್ಯವೀರರು. ಟೇಲರ್ ಬರೆದ ಆತ್ಮಕಥೆಯಲ್ಲಿ ಅವರು ದಾರಿ ತಪ್ಪಿದ, ಪ್ರೀತಿಯ ಹುಡುಗ. ಟೇಲರ್‌ನ ದುಃಖ ನಿಜವಿರಬಹುದು. ಆದರೆ ಅದೇ ವರ್ಷ ಬ್ರಿಟಿಷ್ ವಶವಾದ ಸುರಪುರದ ಆಡಳಿತ ನೋಡಿಕೊಳ್ಳಲು ವಾಪಸ್ ಬಂದವನೂ ಅವನೇ. 1860ರಲ್ಲಿ ಸುರಪುರ ನಿಜಾಮನಿಗೆ ಹೋಯಿತು. ಆರೋಗ್ಯ ಕೆಟ್ಟ ಟೇಲರ್ ಅದೇ ವರ್ಷ ದೇಶ ಬಿಟ್ಟ. ಈ ಎರಡೂ ಮುಖ ಒಟ್ಟಿಗೆ ನೋಡದಿದ್ದರೆ ಟೇಲರ್ ಅರ್ಥವಾಗುವುದಿಲ್ಲ. ಅವನ ಪುಸ್ತಕಗಳೂ ಅರ್ಥವಾಗುವುದಿಲ್ಲ.

ಮೊಟ್ಟೆಯ ಬಿಳಿಯಲ್ಲಿ ಮೂಡಿದ ಗುಡಿಗಳು

ಈಗ ಫೋಟೊ ಪುಸ್ತಕಗಳಿಗೆ ಬರೋಣ. 1850ರ ದಶಕದಲ್ಲಿ ಕಂಪನಿ ಸರ್ಕಾರಕ್ಕೆ ಒಂದು ವಿಷಯ ಹೊಳೆಯಿತು. ಪ್ರಾಚೀನ ಕಟ್ಟಡಗಳನ್ನು ಚಿತ್ರಕಾರರಿಂದ ಬರೆಸುವುದಕ್ಕಿಂತ ಫೋಟೊ ತೆಗೆಸಿದರೆ ಖರ್ಚೂ ಕಡಿಮೆ, ವಿವರವೂ ಪಕ್ಕಾ. 1855ರಲ್ಲಿ ಮುಂಬೈ ಫಿರಂಗಿ ದಳದ ಥಾಮಸ್ ಬಿಗ್ಸ್‌ಗೆ ಈ ಕೆಲಸ ವಹಿಸಿದರು. ಅವನು ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು ತಿರುಗಿದ. ಅವನ ನಂತರ ಡಾಕ್ಟರ್ ಪಿಗೌ ಬಂದ. ಮದ್ರಾಸ್ ಕಡೆಯಿಂದ ನೀಲ್ ಎಂಬ ಇನ್ನೊಬ್ಬ ಡಾಕ್ಟರ್ ಹಳೇಬೀಡು ಮೊದಲಾದ ಊರುಗಳ ಚಿತ್ರ ತೆಗೆದ.

ಆಗಿನ ಫೋಟೊ ಎಂದರೆ ಈಗಿನಂತೆ ಬೆರಳು ಒತ್ತುವ ಕೆಲಸ ಆಗಿರಲಿಲ್ಲ. ದೊಡ್ಡ ಮರದ ಪೆಟ್ಟಿಗೆಯ ಕ್ಯಾಮೆರಾ, ರಾಸಾಯನಿಕ ಲೇಪಿಸಿದ ಕಾಗದದ ನೆಗೆಟಿವ್, ಹೋದಲ್ಲೆಲ್ಲ ಕತ್ತಲೆಯ ಡೇರೆ. ಬೆಳಕು ಬೀಳಲು ಬಹಳ ಹೊತ್ತು ಬೇಕಾದ್ದರಿಂದ ಕ್ಯಾಮೆರಾ ಮುಂದೆ ನಡೆದುಹೋದವರು ಮಂಜಿನ ಹಾಗೆ ಮಸುಕಾಗುತ್ತಿದ್ದರು, ಇಲ್ಲವೇ ಕಾಣಿಸುತ್ತಲೇ ಇರಲಿಲ್ಲ. ಹಾಗಾಗಿಯೇ ಹಳೆಯ ಫೋಟೊಗಳಲ್ಲಿ ನಮ್ಮ ಗುಡಿಗಳು ಜನರೇ ಇಲ್ಲದಂತೆ ಬಣಬಣ ಎನ್ನುತ್ತವೆ.

ಪ್ರಿಂಟ್ ಹಾಕುವುದು ಇನ್ನೊಂದು ಸಾಹಸ. ಕಾಗದಕ್ಕೆ ಕೋಳಿಮೊಟ್ಟೆಯ ಬಿಳಿ ಲೋಳೆ ಬಳಿದು ಒಣಗಿಸಬೇಕು. ಅದರ ಮೇಲೆ ಬೆಳ್ಳಿಯ ಲವಣ ಹಚ್ಚಬೇಕು. ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿಯಬೇಕು. ಇದಕ್ಕೆ ಆಲ್ಬುಮೆನ್ ಪ್ರಿಂಟ್ ಎನ್ನುತ್ತಾರೆ. ಫೋಟೊವನ್ನು ಅಕ್ಷರದ ಜೊತೆಗೇ ಮಷಿನ್‌ನಲ್ಲಿ ಅಚ್ಚು ಹಾಕುವ ವಿದ್ಯೆ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಆದ್ದರಿಂದ ಒಂದೊಂದು ಪ್ರತಿಗೂ ಒಂದೊಂದು ನಿಜವಾದ ಫೋಟೊವನ್ನು ಕೈಯಿಂದ ಅಂಟಿಸುತ್ತಿದ್ದರು. ನೂರು ಪ್ರತಿ ಬೇಕೆಂದರೆ ಪ್ರತಿ ಚಿತ್ರವನ್ನೂ ನೂರು ಸಲ ಬಿಸಿಲಿಗೆ ಹಿಡಿಯಬೇಕಿತ್ತು.

ಇಷ್ಟು ದುಬಾರಿ ಪುಸ್ತಕಕ್ಕೆ ಹಣ ಯಾರದು? ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋಗಿ, ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗೆ ಮುಗಿಬಿದ್ದ ಕಾಲ ಅದು. ಮುಂಬೈನಲ್ಲಿ ಹಣದ ಹೊಳೆ ಹರಿಯಿತು. ಪ್ರೇಮಚಂದ್ ರಾಯಚಂದ್‌ರಂಥ ವ್ಯಾಪಾರಿಗಳು ಈ ಪುಸ್ತಕಗಳಿಗೆ ಪೋಷಕರಾದರು. ಹತ್ತಿ ಬೆಳೆಯುವ ಯಾದಗಿರಿಯಲ್ಲಿ ಕೂತು ಇದನ್ನು ಓದಿದಾಗ ನನಗೆ ಬಹಳ ಸೋಜಿಗವಾಯಿತು.

1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ಎರಡು ಭಾರೀ ಸಂಪುಟ ಹೊರಬಂದವು. ಒಂದು ಬಿಜಾಪುರದ ವಾಸ್ತುಶಿಲ್ಪದ್ದು, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಯದು. ಬಿಗ್ಸ್, ಪಿಗೌ, ನೀಲ್ ಮೊದಲಾದವರು ತೆಗೆದ ಫೋಟೊಗಳು, ಜೇಮ್ಸ್ ಫರ್ಗ್ಯೂಸನ್ ಬರೆದ ವಾಸ್ತುಶಿಲ್ಪದ ಟಿಪ್ಪಣಿಗಳು. ಎರಡಕ್ಕೂ ಚರಿತ್ರೆಯ ಭಾಗ ಬರೆದವನು ಮೆಡೋಸ್ ಟೇಲರ್. ಆಗ ಅವನು ಐರ್ಲೆಂಡಿನ ಡಬ್ಲಿನ್ ಬಳಿ ನೆಲೆಸಿದ್ದ. ಚಳಿಯ ಊರಿನಲ್ಲಿ ಕೂತು ಗೋಳಗುಮ್ಮಟದ, ಚಾಲುಕ್ಯರ ಗುಡಿಗಳ ಕಥೆ ಬರೆದ. ಇಂದು ಹುಲ್ಲುಹಾಸಿನ ನಡುವೆ ಕಾಣುವ ಐಹೊಳೆಯ ದುರ್ಗ ಗುಡಿ ಆ ಕಾಲದ ಫೋಟೊದಲ್ಲಿ ಗಿಡಗಂಟಿ, ಕಲ್ಲುರಾಶಿಗಳ ನಡುವೆ ನಿಂತಿದೆ. ಅಂಥ ಒಂದು ಚಿತ್ರವನ್ನು ಹತ್ತು ನಿಮಿಷ ನೋಡಿ, ಆಮೇಲೆ ನಿಮ್ಮದೇ ಟೂರಿನ ಫೋಟೊ ನೋಡಿ. ಕಲ್ಲು ಅದೇ, ಸುತ್ತಲಿನ ಲೋಕ ಬೇರೆಯೇ.

ಫೋಟೊ ಕೆಳಗಿನ ಮಾತು

ಟೇಲರ್ ಕೈ ಹಚ್ಚಿದ ಇನ್ನೊಂದು ಫೋಟೊ ಪುಸ್ತಕವಿದೆ. ಅದರ ಕಥೆ ಅಷ್ಟು ಸುಖದ್ದಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ದಿ ಪೀಪಲ್ ಆಫ್ ಇಂಡಿಯಾ ಅದು. ಸಂಪಾದಕರು ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ. 450ಕ್ಕೂ ಹೆಚ್ಚು ಫೋಟೊಗಳು. ಅವುಗಳ ವಿವರಣೆ ಬರೆದವರಲ್ಲಿ ಟೇಲರ್ ಒಬ್ಬ. ಭಾರತದ ಜಾತಿ, ಬುಡಕಟ್ಟುಗಳನ್ನು ಮಾದರಿಗಳ ಹಾಗೆ ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರಗಳವು. ಎಷ್ಟೋ ಫೋಟೊಗಳಲ್ಲಿ ಮನುಷ್ಯನ ಹೆಸರಿಲ್ಲ, ಜಾತಿಯ ಹೆಸರು ಮಾತ್ರ ಇದೆ. ಕೆಳಗಿನ ಬರಹ ಇಂಥ ಜನ ನಂಬಿಗಸ್ತರು, ಇಂಥವರು ಕಳ್ಳರು ಎಂದು ಒಂದೇ ಏಟಿಗೆ ತೀರ್ಪು ಕೊಡುತ್ತದೆ. 1857ರ ನಂತರ ಆಳುವವರಿಗೆ ಯಾರನ್ನು ನಂಬಬೇಕು ಎಂಬ ಭಯ ಇತ್ತು. ಆ ಭಯ ಪುಸ್ತಕದ ಪುಟಪುಟದಲ್ಲಿ ಕಾಣುತ್ತದೆ.

ಮುಂದೆ ಅಲಿಗಢ ಕಾಲೇಜು ಸ್ಥಾಪಿಸಿದ ಸೈಯದ್ ಅಹ್ಮದ್ ಖಾನ್ 1869ರಲ್ಲಿ ಲಂಡನ್ನಿನಲ್ಲಿದ್ದಾಗ ಈ ಪುಸ್ತಕ ನೋಡಿ ಮನನೊಂದರು. ಅವರ ಜೊತೆಗಿದ್ದ ಮಗನೂ ಆ ಪುಟಗಳನ್ನು ನೋಡಿದ್ದ. ನಮ್ಮ ದೇಶದವರನ್ನು ಜಗತ್ತು ಈ ಚಿತ್ರಗಳಿಂದಲೇ ಅಳೆಯುತ್ತದಲ್ಲ ಎಂಬ ಸಂಕಟ ಅವರದು.

ಫೋಟೊ ಪುಸ್ತಕ ನೋಡುವ ಬಗೆಯನ್ನು ನಾನು ಕಲಿತದ್ದು ಇಲ್ಲಿಂದಲೇ. ಮೊದಲು ಕೆಳಗಿನ ಬರಹವನ್ನು ಕೈಯಿಂದ ಮುಚ್ಚಿ ಚಿತ್ರ ನೋಡಬೇಕು. ಆ ಮುಖ ಏನು ಹೇಳುತ್ತಿದೆ, ಬಟ್ಟೆ ಎಂಥದ್ದು, ಕೈ ಎಲ್ಲಿದೆ, ನಿಂತವರು ತಾವಾಗಿ ನಿಂತಿದ್ದಾರೋ, ನಿಲ್ಲಿಸಿದ್ದಾರೋ? ಆಮೇಲೆ ಬರಹ ಓದಬೇಕು. ಎರಡಕ್ಕೂ ತಾಳೆ ಇದೆಯೇ ಎಂದು ಕೇಳಬೇಕು. ರಾಜನಕೋಳೂರಿನ ಕಲ್ಲುಗಳನ್ನು ಅಷ್ಟು ಶ್ರದ್ಧೆಯಿಂದ, ತೀರ್ಪು ಕೊಡದೆ ಅಳೆದ ಟೇಲರ್, ಜೀವಂತ ಮನುಷ್ಯರ ವಿಷಯಕ್ಕೆ ಬಂದಾಗ ತನ್ನ ಸರ್ಕಾರದ ಕನ್ನಡಕ ಬಿಚ್ಚಿಡಲಿಲ್ಲ. ಇಂದು ನಾವು ಸ್ಟೇಟಸ್‌ಗೆ, ರೀಲ್ಸ್‌ಗೆ ಹಾಕುವ ಫೋಟೊ ಕೆಳಗೆ ಎರಡು ಸಾಲು ಬರೆಯುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಚಿತ್ರದಲ್ಲಿರುವವರು ಆ ಸಾಲು ಓದಿದರೆ ಒಪ್ಪುತ್ತಾರೆಯೇ?

ಕೊನೆಯ ಪಯಣ

ನಿವೃತ್ತಿಯ ವರ್ಷಗಳಲ್ಲಿ ಟೇಲರ್ ಸುಮ್ಮನೆ ಕೂರಲಿಲ್ಲ. ತಾರಾ, ರಾಲ್ಫ್ ಡಾರ್ನೆಲ್, ಸೀತಾ ಕಾದಂಬರಿಗಳನ್ನು ಬರೆದ. ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸದ ಕೈಪಿಡಿ ಬರೆದ. ಚಾಂದ್ ಬೀಬಿಯ ಕುರಿತ ಕಾದಂಬರಿ ಅವನು ತೀರಿಕೊಂಡ ನಂತರ ಪುಸ್ತಕವಾಯಿತು. 1875ರ ಹೊತ್ತಿಗೆ ಕಣ್ಣು ಕಾಣದಾಯಿತು. ಬದುಕಿಡೀ ನೋಡಿ, ಬರೆದು, ಚಿತ್ರಿಸಿ ಬಾಳಿದವನಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಆದರೂ ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಅವರ ಆಹ್ವಾನದ ಮೇಲೆ ಇನ್ನೊಮ್ಮೆ ದಖ್ಖನ್ನಿಗೆ ಬಂದ. ವಾಪಸ್ ಹೋಗುವಾಗ ಫ್ರಾನ್ಸಿನ ಮೆಂಟನ್ ಎಂಬ ಊರಿನಲ್ಲಿ 1876ರ ಮೇ 13ರಂದು ತೀರಿಕೊಂಡ. ಮಗಳು ಆಲಿಸ್ ಅವನ ಆತ್ಮಕಥೆಯನ್ನು ಸಂಪಾದಿಸಿ 1877ರಲ್ಲಿ ಪ್ರಕಟಿಸಿದರು. ಸುರಪುರದ ಬಗ್ಗೆ ಇಂದಿಗೂ ಯಾರೇ ಬರೆಯಲು ಕೂತರೂ ಆ ಪುಸ್ತಕ ತೆರೆಯಲೇಬೇಕು.

ಜೇಬು ಖಾಲಿ ಇದ್ದರೂ ಸಂಗ್ರಹ

1866ರ ಮೂಲ ಪ್ರತಿ ಕೊಳ್ಳುವುದು ನಮ್ಮಂಥವರ ಕೈಲಾಗದ ಮಾತು. ಆದರೆ ಫೋಟೊ ಪುಸ್ತಕ ಸಂಗ್ರಹಿಸಲು ಶ್ರೀಮಂತರೇ ಆಗಬೇಕಿಲ್ಲ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ದಿ ಪೀಪಲ್ ಆಫ್ ಇಂಡಿಯಾದ ಚಿತ್ರಗಳನ್ನು ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಟೇಲರ್‌ನ ಆತ್ಮಕಥೆ ಸಿಗುತ್ತದೆ. ಯಾದಗಿರಿಯಿಂದ ರೈಲು ಹತ್ತಿದರೆ ಹೈದರಾಬಾದ್. ಅಲ್ಲಿ ಅಬಿಡ್ಸ್‌ನಲ್ಲಿ ಭಾನುವಾರದ ಫುಟ್‌ಪಾತ್ ಪುಸ್ತಕ ಸಂತೆಯಲ್ಲಿ ಹಳೆಯ ಫೋಟೊ ಪುಸ್ತಕಗಳನ್ನು ಚೌಕಾಸಿ ಮಾಡಿ ತರಬಹುದು.

ಸಂಗ್ರಹ ಎಂದರೆ ರಾಶಿ ಹಾಕುವುದಲ್ಲ. ಒಂದು ವಿಷಯ ಹಿಡಿದುಕೊಳ್ಳಿ, ನಿಮ್ಮ ಜಿಲ್ಲೆ, ಕೋಟೆ, ಕೆರೆ, ರೈಲು ಏನಾದರೂ ಸರಿ. ಸಿಕ್ಕ ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಫೋಟೊ ತೆಗೆದವರು ಯಾರು, ಯಾವ ವರ್ಷ, ಎಲ್ಲಿ ಎಂದು ಬರೆದಿಡಿ. ವಾರಕ್ಕೊಂದು ಪುಸ್ತಕವನ್ನು ಮಾತ್ರ ನಿಧಾನವಾಗಿ ನೋಡಿ. ಹಳೆಯ ಪುಸ್ತಕವಾದರೆ ತೇವದಿಂದ, ನೇರ ಬಿಸಿಲಿನಿಂದ ದೂರ ಇಡಿ. ಯಾವ ಬೆಳಕಿನಿಂದ ಫೋಟೊ ಹುಟ್ಟುತ್ತದೋ ಅದೇ ಬೆಳಕು ಅದನ್ನು ಹಾಳೂ ಮಾಡುತ್ತದೆ.

ಇನ್ನೊಂದು ಕೆಲಸ ಕ್ಯಾಮೆರಾ ಇರುವ ಯಾವ ಮೊಬೈಲಿನಲ್ಲೂ ಸಾಧ್ಯ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಫೋಟೊ ತೆಗೆದಿದ್ದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ಎರಡೂ ಅಕ್ಕಪಕ್ಕ ಸೇರಿ ಒಂದು ಚೆಂದದ ಪುಸ್ತಕವಾಯಿತು. ಯಾವ ಕಂಬ ಬಿದ್ದಿದೆ, ಯಾವುದು ಉಳಿದಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ನಮ್ಮಲ್ಲಿ ಏನು ಕಡಿಮೆ ಇದೆ? ಯಾದಗಿರಿ ಕೋಟೆ, ಶಹಾಪುರದ ಮಲಗಿದ ಬುದ್ಧನ ಗುಡ್ಡ, ವನದುರ್ಗ, ಶಿರವಾಳದ ಗುಡಿಗಳು, ವಿಭೂತಿಹಳ್ಳಿಯ ಕಲ್ಲಿನ ಸಾಲು, ಬೋನಾಳದ ಹಕ್ಕಿಗಳು ಎಲ್ಲ ಒಂದು ದಿನದ ಬಸ್ ಪ್ರಯಾಣದಲ್ಲಿ ಸಿಗುತ್ತವೆ. 2009ರ ಕೊನೆಗೆ ಹೊಸ ಜಿಲ್ಲೆಯಾದ ನಮ್ಮ ಯಾದಗಿರಿ ಹಿಂದುಳಿದ ಜಿಲ್ಲೆ ಎಂಬ ಹಣೆಪಟ್ಟಿಯಲ್ಲೇ ಸುದ್ದಿಯಾಗುತ್ತದೆ. ಅದೂ ಒಂದು ಬಗೆಯ ಫೋಟೊ ಕೆಳಗಿನ ಸಾಲೇ. ಟೇಲರ್ ಕಾಲದಲ್ಲಿ ನಮ್ಮ ಊರಿನ ಚಿತ್ರಕ್ಕೆ ಮಾತು ಬರೆಯುವ ಅವಕಾಶ ನಮ್ಮವರಿಗೆ ಇರಲಿಲ್ಲ. ಈಗ ಇದೆ. ಪರೀಕ್ಷೆ, ಅರ್ಜಿ, ಸಂದರ್ಶನಗಳ ನಡುವೆ ತಿಂಗಳಿಗೆ ಒಂದು ಭಾನುವಾರ ಸಾಕು. ಒಂದು ಕಲ್ಲು, ಒಂದು ಕೆರೆ, ಒಬ್ಬ ಮನುಷ್ಯ. ಮನುಷ್ಯರ ಫೋಟೊವಾದರೆ ಅವರನ್ನು ಕೇಳಿಯೇ ತೆಗೆಯಿರಿ, ಕೆಳಗೆ ಅವರ ಹೆಸರು ತಪ್ಪದೆ ಬರೆಯಿರಿ.